ಹಿತ್ತಲ ಕೊಟ್ಟಿಗೆಯಲ್ಲೊಂದು ಗರಡಿ

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ, ಮಲೆನಾಡಿನ ಒಂಟಿ ಮನೆಗಳಲ್ಲಿ, ಕರಾವಳಿಯ ತೋಟದ ಮನೆಗಳಲ್ಲಿ ಖಾಲಿ ಬಿದ್ದಿರುವ ಕೊಟ್ಟಿಗೆಗಳು ಈಗ ಬೇಕಾದಷ್ಟಿವೆ. ದನ ಕಟ್ಟುವ ಕೈಗಳು ಪೇಟೆ ಸೇರಿದವು. ಗೋದಲಿಯಲ್ಲಿ ಹಳೆಯ ಸೈಕಲ್ಲು, ತೆಂಗಿನ ಸಿಪ್ಪೆ, ಒಡೆದ ಹೆಂಚು ತುಂಬಿಕೊಂಡವು. ಪೇಟೆಯಲ್ಲಿ ಕಾರ್ ಶೆಡ್ಡಿನ ಪಾಡೂ ಇದೇ. ಶೆಡ್ಡು ಕಟ್ಟಿಸಿದಾಗ ಇದ್ದ ಸಣ್ಣ ಕಾರು ಹೋಗಿ ದೊಡ್ಡದು ಬಂದಿದೆ, ಅದು ಒಳಗೆ ಹಿಡಿಸದೆ ಬೀದಿಯಲ್ಲಿ ನಿಲ್ಲುತ್ತದೆ. ಒಳಗೆ ಉಳಿದಿರುವುದು ಪೇಂಟಿನ ಡಬ್ಬಗಳು, ಮಕ್ಕಳು ಬಿಟ್ಟ ಆಟದ ಸಾಮಾನು, ಒಂದು ಇನ್ವರ್ಟರ್ ಬ್ಯಾಟರಿ. ಇಂಥ ಜಾಗವನ್ನು ವ್ಯಾಯಾಮದ ಕೋಣೆಯಾಗಿ ಮಾಡಿಕೊಳ್ಳಬಹುದೇ ಎಂದು ಕೇಳುವವರು ಹೆಚ್ಚುತ್ತಿದ್ದಾರೆ.

ಮಾಡಿಕೊಳ್ಳಬಹುದು. ಜಾಗ ಇದ್ದವರು ಮಾಡಿಕೊಳ್ಳಲೇಬೇಕು ಎನ್ನುವ ಪಕ್ಷ ನನ್ನದು. ಆದರೆ ಹೆಚ್ಚಿನವರು ಈ ಕೆಲಸವನ್ನು ತುದಿಯಿಂದ ಶುರುಮಾಡುತ್ತಾರೆ. ಮೊದಲು ಟ್ರೆಡ್‌ಮಿಲ್ ಕೊಳ್ಳುತ್ತಾರೆ, ಆಮೇಲೆ ಅದನ್ನು ಎಲ್ಲಿಡಬೇಕೆಂದು ನೋಡುತ್ತಾರೆ. ಕೆಲವು ತಿಂಗಳಲ್ಲಿ ಯಂತ್ರ ಮೂಲೆ ಸೇರುತ್ತದೆ, ಮನೆಯವರು ತಮ್ಮ ಸೋಮಾರಿತನವನ್ನೇ ಬೈದುಕೊಳ್ಳುತ್ತಾರೆ. ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಏಪ್ರಿಲ್ ಸಂಜೆ ಹತ್ತು ನಿಮಿಷ ನಿಲ್ಲಲಾಗದಷ್ಟು ಕಾದ ಶೀಟಿನ ಕೆಳಗೆ, ಮಳೆಗಾಲದಲ್ಲಿ ನೆಲ ಬೆವರುವ ಕೋಣೆಯಲ್ಲಿ, ಕಾಲಿಟ್ಟರೆ ಜಾರುವ ಸಿಮೆಂಟಿನ ಮೇಲೆ ಯಾರಾದರೂ ಎಷ್ಟು ದಿನ ವ್ಯಾಯಾಮ ಮಾಡಿಯಾರು? ಅಲ್ಲಿ ಸೋತದ್ದು ಕೋಣೆ. ಕೈಯಲ್ಲಿರುವ ಹಣದಲ್ಲಿ ಅರ್ಧದಷ್ಟಾದರೂ ನೆಲಕ್ಕೆ, ಸೂರಿಗೆ, ಗಾಳಿಗೆ ಹೋಗಬೇಕು. ಕಬ್ಬಿಣ ಕೊಳ್ಳುವ ಮಾತು ಆಮೇಲಿನದು.

ಮೈಸೂರಿನ ಹಳೆಯ ಗರಡಿ ಮನೆಗಳನ್ನು ಹೊಕ್ಕು ನೋಡಿದವರಿಗೆ ಈ ಮಾತು ಹೊಸದೆನಿಸದು. ತಲೆ ಬಾಗಿಸಿಯೇ ಒಳಹೋಗಬೇಕಾದ ಗಿಡ್ಡ ಬಾಗಿಲು, ಸಣ್ಣ ಕಿಟಕಿ, ಆಂಜನೇಯನ ಪಟ, ಗೋಡೆಗೆ ಒರಗಿಸಿದ ಗದೆ, ಕಲ್ಲುಗುಂಡು. ಸಾಮಾನೆಂದರೆ ಅಷ್ಟೇ. ಗರಡಿಯ ಆಸ್ತಿಯೆಲ್ಲ ನೆಲದಲ್ಲಿತ್ತು. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಬೆರೆಸಿ, ತುಳಿದು, ಅಗೆದು, ಮತ್ತೆ ತುಳಿದು ಮಟ್ಟಿಯನ್ನು ಹದ ಮಾಡುತ್ತಿದ್ದರು. ಬಿದ್ದ ಪೈಲ್ವಾನನ ಭುಜಕ್ಕೆ, ಮಂಡಿಗೆ ಪೆಟ್ಟಾಗದಂತೆ ಕಾಯುತ್ತಿದ್ದುದು ಆ ಮಣ್ಣೇ. ಸಾಮು ತೆಗೆಯುವ ಮೊದಲು ಅದನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುವುದರಲ್ಲಿ ಭಕ್ತಿಯ ಜೊತೆಗೆ ಈ ತಿಳಿವಳಿಕೆಯೂ ಇದೆ. ನಮ್ಮ ಶೆಡ್ಡಿನಲ್ಲಿ ಮಟ್ಟಿ ಹಾಕಬೇಕಿಲ್ಲ. ನೆಲದ ಮೇಲಿನ ಆ ಆಸ್ಥೆಯನ್ನು ಮಾತ್ರ ಉಳಿಸಿಕೊಳ್ಳಬೇಕು.

ಮೊದಲ ಕೆಲಸ ಅಳತೆ. ಟೇಪು ಹಿಡಿದು ಉದ್ದ, ಅಗಲಕ್ಕಿಂತ ಮೊದಲು ಎತ್ತರ ನೋಡಿ. ಐದೂಮುಕ್ಕಾಲು ಅಡಿ ಎತ್ತರದವರು ತೂಕವನ್ನು ತಲೆಯ ಮೇಲೆತ್ತಿ ಕೈ ಚಾಚಿದರೆ ಮುಷ್ಟಿ ಏಳು ಅಡಿ ದಾಟುತ್ತದೆ. ದೊಡ್ಡ ಪ್ಲೇಟುಗಳ ವ್ಯಾಸ 450 ಮಿ.ಮೀ.; ಅಂದರೆ ರಾಡಿನಿಂದ ಮೇಲಕ್ಕೆ ಇನ್ನೊಂದು ಮುಕ್ಕಾಲು ಅಡಿ ಬೇಕು. ಎಂಟಡಿ ಸೂರಿದ್ದರೆ ಅಲ್ಲಿಗೆ ತೀರಾ ಇಕ್ಕಟ್ಟು, ಒಂಬತ್ತು ಅಡಿಯಿದ್ದರೆ ನಿರಾಳ. ಇಷ್ಟು ಎತ್ತರ ಇಲ್ಲವೆಂದು ಕೈಬಿಡಬೇಕಾಗಿಲ್ಲ, ತಲೆಯ ಮೇಲೆತ್ತುವುದನ್ನು ಬೆಂಚಿನ ಮೇಲೆ ಕುಳಿತು ಮಾಡಬಹುದು. ಸೂರಿನಿಂದ ಇಳಿಬಿಟ್ಟ ಫ್ಯಾನು ಮಾತ್ರ ಈ ಕೋಣೆಯಲ್ಲಿ ಬೇಡವೇ ಬೇಡ. ಗೋಡೆಯ ಫ್ಯಾನು ಹಾಕಿಸಿ.

ಹಳೆಯ ಕೊಟ್ಟಿಗೆಗಳಲ್ಲಿ ಒಂದು ಅನುಕೂಲವಿದೆ. ಒಂದು ಕಡೆ ಸೂರು ಆರಡಿಗೆ ಇಳಿದಿದ್ದರೆ ಇನ್ನೊಂದು ಕಡೆ ಹತ್ತಡಿಗೂ ಮೇಲೆ ಏರಿರುತ್ತದೆ. ನಿಂತು ಮಾಡುವ, ಜೋತುಬಿದ್ದು ಮಾಡುವ ವ್ಯಾಯಾಮವೆಲ್ಲ ಎತ್ತರದ ಬದಿಗೆ, ಚಾಪೆಯ ಮೇಲೆ ಮಲಗಿ ಕುಳಿತು ಮಾಡುವುದೆಲ್ಲ ತಗ್ಗಿನ ಬದಿಗೆ ಎಂದು ಹಂಚಿಕೊಂಡರೆ ಜಾಗ ವ್ಯರ್ಥವಾಗದು.

ಅಗಲದ ಲೆಕ್ಕ ರಾಡಿನಿಂದ ಬರುತ್ತದೆ. ಸ್ಪರ್ಧೆಗಳಲ್ಲಿ ಗಂಡಸರು ಬಳಸುವ ಬಾರ್ಬೆಲ್ 2.2 ಮೀಟರ್ ಉದ್ದ, 20 ಕೆ.ಜಿ. ತೂಕ, ಹೆಂಗಸರದು 2.01 ಮೀಟರ್, 15 ಕೆ.ಜಿ. ಎರಡೂ ತುದಿಯಲ್ಲಿ ನಿಂತು ಪ್ಲೇಟ್ ಏರಿಸಲು ಎರಡೆರಡು ಅಡಿ ಸೇರಿಸಿದರೆ ಉದ್ದನೆಯ ರಾಡಿಗೆ ಹನ್ನೊಂದು ಅಡಿಯಾದರೂ ಬೇಕು. ಪೇಟೆಯ ಸಾಮಾನ್ಯ ಕಾರ್ ಶೆಡ್ಡು ಅಗಲದಲ್ಲಿ ಹತ್ತಡಿ. ಹಾಗಾಗಿ ರಾಡನ್ನು ಶೆಡ್ಡಿನ ಉದ್ದಕ್ಕೆ ಹೊಂದಿಸಿ, ಪಕ್ಕದ ಗೋಡೆಗೆ ಮುಖಮಾಡಿ ನಿಲ್ಲಬೇಕಾಗುತ್ತದೆ. ಈ ಒಂದು ತಿರುವನ್ನು ಕಾಗದದ ಮೇಲೆ ಮೊದಲೇ ಬರೆದು ನೋಡದವರು ರಾಡು ಇಡುವ ರ್ಯಾಕನ್ನು ತಂದ ಮೇಲೆ ಪರದಾಡುತ್ತಾರೆ. ಸೀಮೆಸುಣ್ಣದಿಂದ ನೆಲದ ಮೇಲೆ ಬೆಂಚು, ರ್ಯಾಕು, ರಾಡು, ಬಾಗಿಲು ತೆರೆಯುವ ಸುತ್ತು ಎಲ್ಲವನ್ನೂ ನಿಜವಾದ ಅಳತೆಯಲ್ಲಿ ಗೆರೆ ಎಳೆದು, ಅದರೊಳಗೆ ಓಡಾಡಿ ನೋಡುವುದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಇನ್ನು ನೆಲ. ಕಾರ್ ಶೆಡ್ಡಿನ ನೆಲ ಕಣ್ಣಿಗೆ ಮಟ್ಟವಾಗಿ ಕಂಡರೂ ಮಟ್ಟವಾಗಿರುವುದಿಲ್ಲ. ತೊಳೆದ ನೀರು ಹೊರಗೆ ಹರಿಯಲೆಂದು ಮೇಸ್ತ್ರಿ ಬೇಕೆಂದೇ ಗೇಟಿನ ಕಡೆಗೆ ಇಳಿಜಾರು ಕೊಟ್ಟಿರುತ್ತಾನೆ. ನೂರಕ್ಕೆ ಒಂದರ ಓಟವಿದ್ದರೂ ಹದಿನೆಂಟು ಅಡಿಗೆ ಎರಡು ಇಂಚು ಇಳಿಯುತ್ತದೆ. ನಡೆದಾಡುವಾಗ ಗೊತ್ತಾಗದ ಈ ವಾಲು, ಹೆಗಲ ಮೇಲೆ ತೂಕ ಹೊತ್ತು ಕುಕ್ಕರುಗಾಲಲ್ಲಿ ಕೂತು ಏಳುವಾಗ ಒಂದು ಕಾಲಿಗೆ ಹೆಚ್ಚು ಭಾರ ಹಾಕುತ್ತದೆ, ರ್ಯಾಕನ್ನು ಓರೆಯಾಗಿಸುತ್ತದೆ. ಒಂದು ರಸಮಟ್ಟ ತಂದು ನಾಲ್ಕು ಕಡೆ ಇಟ್ಟು ನೋಡಿ. ಇಡೀ ನೆಲವನ್ನು ಒಡೆಸುವ ಅಗತ್ಯವಿಲ್ಲ. ತೂಕ ಎತ್ತುವ ಎಂಟಡಿ ಚೌಕವನ್ನಷ್ಟೇ ಮಟ್ಟಕ್ಕೆ ತಂದು, ಉಳಿದ ನೆಲದ ಓಟವನ್ನು ಹಾಗೇ ಬಿಡಿ. ನೀರು ಹೋಗುವ ದಾರಿ ನಾಳೆಯೂ ಬೇಕು.

ಆ ಚೌಕಕ್ಕೆ ಲೋಕದ ಎಲ್ಲ ಕಡೆ ಮನೆಯಲ್ಲಿ ತೂಕ ಎತ್ತುವವರು ಮಾಡಿಕೊಳ್ಳುವ ಒಂದು ಹಂಚಿಕೆಯಿದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಎರಡು ಪ್ಲೈವುಡ್ ಹಾಳೆಗಳನ್ನು ಜೊತೆಜೊತೆಯಾಗಿ ಹಾಸಿ, ಅದರ ಮೇಲೆ ಇನ್ನೊಂದು ಪದರವನ್ನು ಅಡ್ಡಕ್ಕೆ ತಿರುಗಿಸಿ ಸ್ಕ್ರೂ ಹಾಕುವುದು. ಕಾಲೂರುವ ನಡುಭಾಗದಲ್ಲಿ ಮರವೇ ಇರಲಿ, ಪ್ಲೇಟು ಬೀಳುವ ಎರಡೂ ಬದಿಗೆ ದಪ್ಪ ರಬ್ಬರು ಬರಲಿ. ಪ್ಲೈವುಡ್ 18 ಮಿ.ಮೀ. ದಪ್ಪದ್ದಾಗಿ, ನೀರು ತಡೆಯುವ ದರ್ಜೆಯದಾಗಿರಬೇಕು. ಅದರಡಿಗೆ ಪಾಲಿಥೀನ್ ಹಾಳೆ ಹಾಸದಿದ್ದರೆ ನಮ್ಮ ಗೆದ್ದಲು ಎರಡನೆಯ ಮಳೆಗಾಲಕ್ಕೆ ಕಾಯುವುದಿಲ್ಲ.

ರಬ್ಬರು ಯಾಕೆ ಅಷ್ಟು ಮುಖ್ಯ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಬೀಳುವ ವಸ್ತು ಕೊಡುವ ಪೆಟ್ಟು ಅದರ ತೂಕವನ್ನಷ್ಟೇ ಅವಲಂಬಿಸಿಲ್ಲ, ಎಷ್ಟು ದೂರದಲ್ಲಿ ನಿಂತಿತು ಎಂಬುದನ್ನೂ ಅವಲಂಬಿಸಿದೆ. 60 ಕೆ.ಜಿ. ತೂಕ ಒಂದು ಮೀಟರ್ ಎತ್ತರದಿಂದ ಬಿದ್ದು, ರಬ್ಬರನ್ನು ಒಂದು ಸೆಂಟಿಮೀಟರ್ ಅದುಮಿ ನಿಂತರೆ ನೆಲದ ಮೇಲೆ ಬೀಳುವ ಸರಾಸರಿ ಬಲ ಸುಮಾರು 6 ಟನ್. ಅದೇ ತೂಕ ಬರಿಯ ಕಾಂಕ್ರೀಟಿಗೆ ಬಡಿದು ಎರಡೇ ಮಿಲಿಮೀಟರಿನಲ್ಲಿ ನಿಂತರೆ 30 ಟನ್. ನೆಲ ಬಿರಿಯುವುದು, ರಾಡು ಬಾಗುವುದು, ಪಕ್ಕದ ಮನೆಯ ಗೋಡೆ ಅದುರುವುದು ಈ ಎರಡನೆಯ ಲೆಕ್ಕದಿಂದ. ಮಹಡಿಯ ಕೋಣೆಗಿಂತ ಹಿತ್ತಲ ಶೆಡ್ಡು ಮೇಲು ಎಂದು ನಾನು ಒತ್ತಿ ಹೇಳುವುದೂ ಇದಕ್ಕೇ. ವಾಸದ ಮನೆಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರಕ್ಕೆಂದು ಲೆಕ್ಕ ಹಾಕಿ ಕಟ್ಟಿರುತ್ತಾರೆ. ಮಹಡಿಯಲ್ಲಿ ಕೈಲಿ ಹಿಡಿಯುವ ಡಂಬೆಲ್ ಸರಿ, ತೂಕ ಬಿಸಾಕುವ ಆಟ ಸಲ್ಲದು. ನೆಲದ ಮೇಲೆ ಕೂತ ಶೆಡ್ಡಿಗೆ ಈ ಭಯವಿಲ್ಲ.

ಅಮೆರಿಕದಲ್ಲಿ ಗ್ಯಾರೇಜನ್ನು ಜಿಮ್ ಮಾಡಿಕೊಳ್ಳುವವರು ಇದಕ್ಕಾಗಿ ಕುದುರೆ ಲಾಯದಲ್ಲಿ ಹಾಸುವ ರಬ್ಬರ್ ಹಾಸು ತರುತ್ತಾರೆ. ಜಿಮ್ ಅಂಗಡಿಯ ಹಾಸಿಗಿಂತ ಅದು ಅಗ್ಗ ಮತ್ತು ಗಟ್ಟಿ. ನಮ್ಮಲ್ಲಿ ಅದರ ಸಮಾನ ವಸ್ತು ಹೈನುಗಾರರಿಗೆಲ್ಲ ಗೊತ್ತಿರುವ ಕೌ ಮ್ಯಾಟ್. ಸುಮಾರು ಆರೂವರೆಯಿಂದ ಏಳಡಿ ಉದ್ದ, ನಾಲ್ಕಡಿ ಅಗಲ, 15 ಮಿ.ಮೀ.ಗೂ ಮೇಲಿನ ದಪ್ಪ, ನಾನೂರು ಕೆ.ಜಿ. ಹಸು ದಿನವಿಡೀ ಎದ್ದು ಕೂತು ಮಾಡಿದರೂ ವರ್ಷಗಟ್ಟಲೆ ಬಾಳುವ ಸರಕು. ಪಶು ಆಹಾರ, ಹೈನು ಸಲಕರಣೆ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಸಹಾಯಧನದಲ್ಲಿ ಬರುವ ಹಾಸು ಹೈನುಗಾರರ ಪಾಲು, ಅದರ ಮೇಲೆ ಕಣ್ಣು ಹಾಕದೆ ಪೂರ್ತಿ ಬೆಲೆ ಕೊಟ್ಟು ಕೊಳ್ಳಿ. ಹೊಸದರಲ್ಲಿ ರಬ್ಬರಿನ ವಾಸನೆ ತಲೆನೋವು ತರುವಷ್ಟಿರುತ್ತದೆ. ಸಾಬೂನು ನೀರಿನಲ್ಲಿ ತಿಕ್ಕಿ ತೊಳೆದು ಕೆಲವು ದಿನ ನೆರಳಿನಲ್ಲಿ ಗಾಳಿಗೆ ಹರಡಿದರೆ ಇಳಿಯುತ್ತದೆ. ಒಂದು ಮಗ್ಗುಲಲ್ಲಿ ಗುಬುಟುಗಳಿರುತ್ತವೆ, ಅದನ್ನು ಕೆಳಗೆ ಮಾಡಿ ಹಾಸಬೇಕು. ದನ ಹೋದ ಕೊಟ್ಟಿಗೆಗೆ ದನದ ಹಾಸೇ ಮತ್ತೆ ಬರುವುದು ನನಗೆ ಹಿತವೆನಿಸುತ್ತದೆ.

ಕೊಟ್ಟಿಗೆಯ ನೆಲದ ಕಷ್ಟ ಬೇರೆಯದೇ. ಹತ್ತಾರು ವರ್ಷ ಗಂಜಲ ಕುಡಿದ ನೆಲ ಅದು, ಗೋಡೆಯ ಬುಡವೂ ಹಾಗೆಯೇ. ಗಂಜಲದಲ್ಲಿನ ಯೂರಿಯಾ ಮಣ್ಣಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಅಮೋನಿಯಾ ಆಗುತ್ತದೆ, ಅಲ್ಲಿಂದ ಮುಂದೆ ನೈಟ್ರೇಟ್ ಆಗುತ್ತದೆ. ಹಿಂದೆ ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ನಮ್ಮ ದೇಶದಲ್ಲಿ ಇಂಥ ಹಳ್ಳಿ ಮಣ್ಣಿನಿಂದಲೇ ತೊಳೆದು ತೆಗೆಯುತ್ತಿದ್ದರು. ಈ ಉಪ್ಪು ಗಾಳಿಯ ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ. ಆದ್ದರಿಂದಲೇ ಬಿಸಿಲಿನಲ್ಲೂ ಕೊಟ್ಟಿಗೆಯ ಗೋಡೆಯ ಕೆಳಭಾಗ ಒದ್ದೆ ಒದ್ದೆ. ಬಣ್ಣ ಬಳಿದರೆ ಆರು ತಿಂಗಳಿಗೆ ಸುಲಿಯುತ್ತದೆ. ಬಿಳಿಯ ಹೂವಿನಂಥ ಪುಡಿ ಏಳುತ್ತದೆ. ಅಂಥ ಕೋಣೆಯಲ್ಲಿ ಇಟ್ಟ ಕಬ್ಬಿಣ ಉಳಿಯುವುದಿಲ್ಲ.

ಉಪಾಯವಿದೆ, ಸ್ವಲ್ಪ ಮೈಮುರಿದು ಮಾಡುವಂಥದು. ಗೋದಲಿಯನ್ನೂ ಗಂಜಲದ ಕಾಲುವೆಯನ್ನೂ ಒಡೆದು ತೆಗೆಯಿರಿ. ನೆಲದ ಮೇಲಿನ ಅರ್ಧ ಅಡಿ ಮಣ್ಣನ್ನೂ ತೆಗೆದು ತೆಂಗಿನ ಬುಡಕ್ಕೋ ಅಡಿಕೆ ತೋಟಕ್ಕೋ ಹಾಕಿ, ಒಳ್ಳೆಯ ಗೊಬ್ಬರ. ಜಲ್ಲಿ ತುಂಬಿ ದಮ್ಮಸು ಮಾಡಿಸಿ, 250 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆಯನ್ನು ಗೋಡೆಯ ಬುಡದ ಮೇಲಕ್ಕೂ ಸ್ವಲ್ಪ ಮಡಚಿ ಬರುವಂತೆ ಹಾಸಿ, ಅದರ ಮೇಲೆ ನಾಲ್ಕು ಇಂಚಿನ ಕಾಂಕ್ರೀಟ್ ಹಾಕಿಸಿ. ವಾರವಿಡೀ ನೀರುಣಿಸಬೇಕು, ಭಾರ ಹೊರಿಸಲು ತಿಂಗಳು ತಡೆಯಬೇಕು. ಗೋಡೆಯ ಹಳೆಯ ಗಾರೆಯನ್ನು ಮೂರಡಿ ಎತ್ತರದವರೆಗೆ ಕೆತ್ತಿಸಿ, ಸುಣ್ಣದ ಗಾರೆ ಮಾಡಿಸಿ. ಸಿಮೆಂಟ್ ಗಾರೆ ಹಚ್ಚಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅದು ಇನ್ನೂ ಮೇಲಕ್ಕೆ ಹತ್ತುತ್ತದೆ. ಸುಣ್ಣ ತೇವವನ್ನು ಹೊರಬಿಡುತ್ತದೆ. ಸುಣ್ಣದ ಕೆಲಸ ಬಲ್ಲ ಮುದುಕ ಮೇಸ್ತ್ರಿ ಊರಲ್ಲಿ ಯಾರಾದರೂ ಉಳಿದಿದ್ದರೆ ಅವರನ್ನೇ ಕರೆಯಿರಿ.

ಸೂರಿನ ಮಾತಿಗೆ ಬರೋಣ. ಮಂಗಳೂರು ಹೆಂಚಿನ ಸೂರು ಸಿಕ್ಕವರು ಪುಣ್ಯವಂತರು. ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ತಾನೇ ಹೊರಗೆ ಹೋಗುತ್ತದೆ, ನಡುವೆ ನಾಲ್ಕೈದು ಗಾಜಿನ ಹೆಂಚು ಸೇರಿಸಿದರೆ ಹಗಲು ದೀಪ ಬೇಡ. ಪಕಾಸಿ, ರೀಪು ಗೆದ್ದಲು ಹಿಡಿದಿವೆಯೇ ಎಂದು ಬಡಿದು ನೋಡಿ ಬದಲಿಸಿದರೆ ಸಾಕು. ಅದನ್ನು ಕಿತ್ತು ತಗಡು ಹಾಕಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಕಷ್ಟವಿರುವುದು ಶೀಟಿನದು. ತಗಡು ಬೇಗ ಕಾಯುತ್ತದೆ, ಕಾದ ತಗಡಿನ ಝಳ ನೇರ ತಲೆಯ ಮೇಲಿಳಿಯುತ್ತದೆ. ಕಲಬುರಗಿ, ರಾಯಚೂರಿನಂಥ ಕಡೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟಿರುವಾಗ ಶೀಟಿನಡಿ ವ್ಯಾಯಾಮ ಮಾಡುವುದು ಅಪಾಯದ ಕೆಲಸ, ಸಾಹಸ ಎನ್ನಬೇಡಿ. ಮೊದಲು ಶೀಟಿನ ಮೇಲ್ಮೈಗೆ ಬಿಳಿಯ ಬಣ್ಣ ಬಳಿಸಿ, ಬಿಸಿಲಿನ ಬಹುಪಾಲು ಅಲ್ಲೇ ಹಿಂತಿರುಗುತ್ತದೆ. ಅನಂತರ ಒಳಗಿನಿಂದ ಅರ್ಧ ಅಡಿಯಾದರೂ ಅಂತರ ಬಿಟ್ಟು ಬಿದಿರಿನ ತಟ್ಟಿಯನ್ನೋ ಜಿಪ್ಸಮ್ ಹಲಗೆಯನ್ನೋ ಕಟ್ಟಿಸಿ, ಆ ಅಂತರದ ಎರಡೂ ತುದಿಯಲ್ಲಿ ಗಾಳಿ ಹೊರಹೋಗಲು ಬಾಯಿ ಬಿಡಿಸಿ. ಅಗ್ಗವೆಂದು ಥರ್ಮೋಕೋಲ್ ಹಾಳೆ ಅಂಟಿಸುವುದು ಬೇಡ, ಬೆಂಕಿ ತಗುಲಿದರೆ ಕ್ಷಣದಲ್ಲಿ ಉರಿದು ಕರಗಿ ಮೈಮೇಲೆ ಸುರಿಯುವ ವಸ್ತು ಅದು. ಹಳ್ಳಿಯಲ್ಲಾದರೆ ಕುಂಬಳ, ಸೋರೆ ಬಳ್ಳಿಯನ್ನು ಮಾಡಿಗೆ ಹಬ್ಬಿಸುವುದೂ ಹಳೆಯ ರೂಢಿ, ಕೆಲಸಕ್ಕೆ ಬರುವ ರೂಢಿ.

ಇಲ್ಲಿ ಒಂದು ಎಚ್ಚರಿಕೆಯನ್ನು ದಯವಿಟ್ಟು ಗಮನವಿಟ್ಟು ಓದಿ. ನಾವು ಸಿಮೆಂಟ್ ಶೀಟು ಎಂದು ಕರೆಯುವ ಹಳೆಯ ಬೂದು ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇದೆ. ಎಲ್ಲ ಬಗೆಯ ಆಸ್ಬೆಸ್ಟಾಸ್ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನೇಕ ದೇಶಗಳು ಅದನ್ನು ನಿಷೇಧಿಸಿವೆ. ಶೀಟು ಇಡಿಯಾಗಿ ಇದ್ದಾಗ ಅಪಾಯ ಕಡಿಮೆ. ಅದನ್ನು ಕೊರೆದಾಗ, ಗರಗಸ ಹಾಕಿದಾಗ, ಉಜ್ಜಿದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಏಳುತ್ತವೆ. ವ್ಯಾಯಾಮದ ಕೋಣೆಯಲ್ಲಿ ನಾವು ಏದುಸಿರು ಬಿಡುತ್ತಾ ಎಂದಿಗಿಂತ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತೇವೆ. ಆದ್ದರಿಂದ ಅಂಥ ಶೀಟಿಗೆ ತೂತು ಕೊರೆದು ದೀಪ, ಕೊಕ್ಕೆ ತೂಗುಹಾಕಬೇಡಿ. ಒಳಸೂರನ್ನು ಗೋಡೆಗೆ ಕೂರಿಸಿದ ಬೇರೆ ಚೌಕಟ್ಟಿನ ಮೇಲೆ ನಿಲ್ಲಿಸಿ. ಬಿರುಕು ಬಿಟ್ಟು ಪುಡಿ ಉದುರುತ್ತಿದ್ದರೆ ಸೂರನ್ನೇ ಬದಲಿಸಿ. ತೆಗೆಯುವಾಗ ನೀರು ಚಿಮುಕಿಸಿ ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ಇಳಿಸಬೇಕು. ಕೆಲಸದವರಿಗೆ ಧೂಳು ತಡೆಯುವ ಒಳ್ಳೆಯ ಮುಖಗವಸು ಕೊಡುವುದು ಮನೆಯ ಯಜಮಾನನ ಹೊಣೆ.

ಗಾಳಿಯ ವಿಚಾರ ಚಿಕ್ಕದು, ಆದರೆ ಅದನ್ನು ಮರೆಯುವವರೇ ಬಹಳ. ರೋಲಿಂಗ್ ಶಟರ್ ಪೂರ್ತಿ ಎತ್ತಿದರೂ ಒಂದೇ ಕಡೆ ಬಾಯಿರುವ ಕೋಣೆಯಲ್ಲಿ ಗಾಳಿ ಆಡದು. ಎದುರು ಗೋಡೆಯ ಮೇಲ್ಭಾಗದಲ್ಲಿ ಒಂದು ಕಿಂಡಿ ತೆಗೆದು ಎಗ್ಸಾಸ್ಟ್ ಫ್ಯಾನ್ ಕೂರಿಸಿ, ಎರಡೂ ಕಡೆ ಜಾಲರಿ ಹೊಡೆಸಿ. ಹಿತ್ತಲ ಶೆಡ್ಡಿಗೆ ಇಲಿ ಬಂದರೆ ಅದರ ಹಿಂದೆ ಹಾವು ಬರುತ್ತದೆ. ಬಾಗಿಲಿನ ಕೆಳಗಿನ ಸಂದನ್ನು ಮುಚ್ಚುವುದು, ಶೂಗಳನ್ನು ನೆಲದ ಮೇಲೆ ಬಿಡದೆ ಕೊಡವಿ ಹಾಕಿಕೊಳ್ಳುವುದು ಮಲೆನಾಡಿನವರಿಗೆ ಹೇಳಿಕೊಡಬೇಕಾದ್ದಲ್ಲ.

ಗೋಡೆಗೆ ಜೋತುಬೀಳುವ ಕಂಬಿ ಕೂರಿಸುವ ಆಸೆ ಎಲ್ಲರಿಗೂ. ಮಣ್ಣಿನ ಗೋಡೆ, ಮುರಕಲ್ಲಿನ ಗೋಡೆ, ಟೊಳ್ಳು ಇಟ್ಟಿಗೆಯ ಗೋಡೆ ಇದಕ್ಕೆ ಆಗದು, ತೂಗಾಡುವ ಮೈಭಾರಕ್ಕೆ ಬೋಲ್ಟು ಗಾರೆಸಮೇತ ಕಿತ್ತು ಬರುತ್ತದೆ. ಕಾಂಕ್ರೀಟ್ ತೊಲೆಯಿದ್ದರೆ ಅದಕ್ಕೆ ಆಂಕರ್ ಬೋಲ್ಟು ಹಾಕಿಸಿ. ಇಲ್ಲವಾದರೆ ನೆಲದಲ್ಲಿ ಹೂತ ಎರಡು ಕಬ್ಬಿಣದ ಕಂಬಕ್ಕೆ ಅಡ್ಡಕಂಬಿ ಬೆಸೆಸಿ, ಅಂಗಳದಲ್ಲೇ ನಿಲ್ಲಿಸಬಹುದು.

ವಿದ್ಯುತ್ತು. ಹಿತ್ತಲ ಶೆಡ್ಡಿಗೆ ಹೆಚ್ಚಾಗಿ ಅಡುಗೆಮನೆಯಿಂದಲೋ ಬಚ್ಚಲಿನಿಂದಲೋ ಎಳೆದ ಒಂದು ಬಡಕಲು ವೈರು ಇರುತ್ತದೆ, ಒಂದು ಬಲ್ಬಿಗೆಂದು ಹಾಕಿದ್ದು. ಟ್ರೆಡ್‌ಮಿಲ್ ಮೋಟಾರು 2 ಅಶ್ವಶಕ್ತಿಯದಾದರೆ ಸುಮಾರು ಒಂದೂವರೆ ಕಿಲೋವಾಟ್ ಎಳೆಯುತ್ತದೆ, ಹೊರಡುವ ಕ್ಷಣದಲ್ಲಿ ಇನ್ನೂ ಹೆಚ್ಚು. ಮುಖ್ಯ ಬೋರ್ಡಿನಿಂದ ಪ್ರತ್ಯೇಕ ಲೈನು, 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ಥಿಂಗ್, ವಿದ್ಯುತ್ ಸೋರಿದರೆ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸದೆ ಒಳಗೆ ಯಾವ ಯಂತ್ರವೂ ಬರಕೂಡದು. ಬೆವರಿದ ಕೈ, ಒದ್ದೆ ನೆಲ, ಕಬ್ಬಿಣದ ಸಾಮಾನು ಮೂರೂ ಸೇರುವ ಜಾಗ ಇದು. ಜಾಗ ಖಾಲಿ ಮಾಡುವಾಗ ಪೆಟ್ರೋಲ್ ಕ್ಯಾನು, ಥಿನ್ನರ್, ತೋಟದ ಔಷಧಿ, ಗೊಬ್ಬರದ ಚೀಲ ಎಲ್ಲವೂ ಹೊರಗೆ ಹೋಗಲಿ. ಇನ್ವರ್ಟರಿನ ನೀರು ಹಾಕುವ ಬ್ಯಾಟರಿಯೂ ಹೋಗಲಿ, ಚಾರ್ಜ್ ಆಗುವಾಗ ಅದು ಜಲಜನಕ ಬಿಡುತ್ತದೆ. ಕಾರು ಇನ್ನೂ ಅಲ್ಲೇ ನಿಲ್ಲುವುದಾದರೆ ಇಂಜಿನ್ ಓಡಿಸಿ ತೆಗೆದ ಕೂಡಲೇ ಒಳಹೋಗಿ ವ್ಯಾಯಾಮಕ್ಕೆ ನಿಲ್ಲಬೇಡಿ, ಹೊಗೆ ಹೊರಹೋಗಲು ಸಮಯ ಕೊಡಿ.

ಇಷ್ಟೆಲ್ಲ ಆದ ಮೇಲೆ ಕಬ್ಬಿಣ. ಮೊದಲು ತೂಕ ಬದಲಿಸಬಹುದಾದ ಒಂದು ಜೊತೆ ಡಂಬೆಲ್, ಒಂದು ಗಟ್ಟಿ ಬೆಂಚು. ಇವೆರಡರಿಂದ ಇಡೀ ಮೈಗೆ ವ್ಯಾಯಾಮ ಸಿಗುತ್ತದೆ. ಎರಡು ಮೂರು ತಿಂಗಳು ಕೋಣೆ ಬಳಕೆಯಾದ ಮೇಲೆ ರಾಡು, ರ್ಯಾಕು. ಕಬ್ಬಿಣದ ಪ್ಲೇಟಿಗೆ ಮುಪ್ಪಿಲ್ಲ, ಕೈ ಬದಲಾದದ್ದನ್ನೇ ಧಾರಾಳವಾಗಿ ಕೊಳ್ಳಿ. ದಿನಸಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ, ಅಗ್ಗದ ಎರಕದಲ್ಲಿ ಬರೆದ ತೂಕವೂ ಇರುವ ತೂಕವೂ ಒಂದೇ ಆಗಿರಬೇಕೆಂದಿಲ್ಲ. ಹಳೆಯ ರಾಡನ್ನು ನೆಲದ ಮೇಲೆ ಉರುಳಿಸಿದರೆ ಬಾಗಿದ್ದರೆ ತಿಳಿಯುತ್ತದೆ. ಬೆಂಚಿನ ಬೆಸುಗೆ ನೋಡದೆ ಹಣ ಕೊಡಬೇಡಿ.

ರ್ಯಾಕಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಜಿಮ್ಮಿನಲ್ಲಿ ಪಕ್ಕದಲ್ಲಿ ಯಾರಾದರೂ ಇರುತ್ತಾರೆ, ಹಿತ್ತಲ ಶೆಡ್ಡಿನಲ್ಲಿ ಯಾರೂ ಇರುವುದಿಲ್ಲ. ಬೆಂಚಿನ ಮೇಲೆ ಮಲಗಿ ಎತ್ತಿದ ರಾಡು ಎದೆಯ ಮೇಲೆ, ಕುತ್ತಿಗೆಯ ಮೇಲೆ ಕುಸಿದು ಜೀವ ಹೋದದ್ದುಂಟು. ಎರಡೂ ಬದಿಯಲ್ಲಿ ಎದೆಮಟ್ಟಕ್ಕಿಂತ ತುಸು ಕೆಳಗೆ ತಡೆಕಂಬಿ ಇರುವ ರ್ಯಾಕು ಇಲ್ಲದೆ ಒಂಟಿಯಾಗಿ ಮಲಗಿ ರಾಡು ಎತ್ತಬೇಡಿ. ಡಂಬೆಲ್ ಆದರೆ ಪಕ್ಕಕ್ಕೆ ಬಿಡಬಹುದು. ಫೋನು ಕೈಗೆಟುಕುವಲ್ಲಿರಲಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹೊರಗಿನ ಚಿಲಕ ಮೇಲುಗಡೆ ಇರಲಿ.

ಟ್ರೆಡ್‌ಮಿಲ್ ಬೇಕೇ? ಬೆಳಗ್ಗೆ ನಿರಾತಂಕವಾಗಿ ನಡೆಯಲು ರಸ್ತೆಯೋ ಕೆರೆ ಏರಿಯೋ ಇರುವವರಿಗೆ ಬೇಡ. ಆದರೆ ಆ ನಿರಾತಂಕ ಎಲ್ಲರಿಗೂ ಇಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಈ ಅಂತರವನ್ನು ನೋಡಿದಾಗ ನನಗೆ ಹಿತ್ತಲ ಶೆಡ್ಡಿನ ನಿಜವಾದ ಬೆಲೆ ತಿಳಿಯುತ್ತದೆ. ಮನೆಗೆಲಸ, ಅಡುಗೆ, ಮಕ್ಕಳ ಶಾಲೆ, ಉದ್ಯೋಗ ಎಲ್ಲದರ ನಡುವೆ ಸಿಗುವ ಮುಕ್ಕಾಲು ಗಂಟೆಯಲ್ಲಿ ಜಿಮ್ಮಿಗೆ ಹೋಗಿ ಬರುವುದಕ್ಕೇ ಅರ್ಧ ಹೋದರೆ ಯಾವ ಗೃಹಿಣಿ ಹೋದಾಳು? ಊರಿನ ಜಿಮ್ಮಿನಲ್ಲಿ ನೋಡುವ ಕಣ್ಣುಗಳ ಮುಜುಗರ ಬೇರೆ. ಈ ಕೋಣೆಯನ್ನು ಮನೆಯ ಹುಡುಗನೊಬ್ಬನ ಕೋಣೆಯಾಗಿ ಮಾಡಿದರೆ ಅರ್ಧ ಹಣ ದಂಡ.

ಮನೆಯ ಹೆಣ್ಣುಮಕ್ಕಳಿಗಾಗಿ ಎಂದು ಯೋಚಿಸಿದರೆ ಕೋಣೆಯ ವಿವರಗಳು ಬದಲಾಗುತ್ತವೆ. ಕಿಟಕಿಯ ಅಂಚು ಐದಡಿಗೂ ಮೇಲಿರಲಿ, ಗಾಳಿ ಬರಬೇಕು, ಬೀದಿಯ ನೋಟ ಬರಬಾರದು. ಬಾಗಿಲಿಗೆ ಒಳಚಿಲಕ ಬೇಕು. ಹಿತ್ತಲ ಬಾಗಿಲಿನಿಂದ ಶೆಡ್ಡಿನವರೆಗಿನ ದಾರಿಗೆ ಕಲ್ಲುಚಪ್ಪಡಿ ಹಾಸಿಸಿ, ಬೆಳಗಿನ ಐದಕ್ಕೂ ರಾತ್ರಿ ಎಂಟಕ್ಕೂ ಹೆದರದೆ ಹೋಗುವಂತೆ ದೀಪ ಹಾಕಿಸಿ. ಡಂಬೆಲ್ ಒಂದೆರಡು ಕೆ.ಜಿ.ಯಿಂದ ಶುರುವಾಗಿ ಸಣ್ಣ ಹೆಜ್ಜೆಗಳಲ್ಲಿ ಏರುವಂತಿರಲಿ, 20 ಕೆ.ಜಿ. ರಾಡಿನ ಬದಲು 15ರದ್ದನ್ನು ಕೊಂಡರೆ ಮನೆಯವರೆಲ್ಲರ ಕೈಗೂ ಒಗ್ಗುತ್ತದೆ. ಅಜ್ಜ ಅಜ್ಜಿಯರಿಗೆ ಹೊಸ್ತಿಲು ತೆಗೆಸಿ ನೆಲ ಸಮ ಮಾಡಿಸಿ, ಸೊಂಟದೆತ್ತರಕ್ಕೆ ಗೋಡೆಯುದ್ದಕ್ಕೂ ಹಿಡಿಕಂಬಿ ಹಾಕಿಸಿ, ಒಂದು ಗಟ್ಟಿ ಮರದ ಕುರ್ಚಿ ಇಡಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದೇ ಎಪ್ಪತ್ತರ ವಯಸ್ಸಿನಲ್ಲಿ ದೊಡ್ಡ ಬಸ್ಕಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆಯ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಬಲ ಹೆಚ್ಚಿಸುವ ವ್ಯಾಯಾಮ ಬೇಕೆನ್ನುತ್ತದೆ. ನಡಿಗೆಯೊಂದೇ ಸಾಕೆಂದುಕೊಂಡವರು ಈ ಎರಡನೆಯ ಮಾತನ್ನು ಬಿಟ್ಟೇಬಿಡುತ್ತಾರೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವುದರಲ್ಲಿ ದೊಡ್ಡ ಪಾಲು ಸ್ನಾಯುವಿನದೇ. ಎದೆನೋವು, ರಕ್ತದೊತ್ತಡ ಇರುವವರು ಮಾತ್ರ ವೈದ್ಯರ ಮಾತು ಕೇಳಿಯೇ ತೂಕ ಮುಟ್ಟಬೇಕು.

ಮನೆಯಲ್ಲೇ ಮೈ ಕಟ್ಟುವುದು ಕನ್ನಡಿಗರಿಗೆ ಹೊಸ ಸಂಗತಿಯೇನಲ್ಲ. ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮ ಶಾಲೆ ನಡೆಸಿದವರು, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಕಲಿಸಿದವರು. ದೂರದ ಊರುಗಳಲ್ಲಿ ಕೂತು ಆ ಪಾಠ ಓದಿದವರು ತಂತಮ್ಮ ಮನೆಯಲ್ಲೇ ಅದನ್ನು ಮಾಡಿ ನೋಡಿದರು. ಸೂರ್ಯ ನಮಸ್ಕಾರದ ಮೇಲೂ ಅವರು ಪುಸ್ತಕ ಬರೆದರು. ಅದಕ್ಕೆ ಬೇಕಾಗುವುದು ಒಂದು ಕೌ ಮ್ಯಾಟಿನಷ್ಟು ಜಾಗ.

ಕಾನೂನಿನ ಎರಡು ಮಾತು. ಇರುವ ಶೆಡ್ಡನ್ನು ಸ್ವಂತಕ್ಕೆ ಬಳಸಿಕೊಳ್ಳುವುದು ಬೇರೆ, ಸೈಟಿನ ಸುತ್ತ ಬಿಡಬೇಕಾದ ಖಾಲಿ ಜಾಗದಲ್ಲಿ ಹೊಸದಾಗಿ ಶೆಡ್ಡು ಎಬ್ಬಿಸುವುದು ಬೇರೆ. ಎರಡನೆಯದಕ್ಕೆ ಕೈ ಹಾಕಬೇಡಿ. ಅಪಾರ್ಟ್‌ಮೆಂಟಿನ ಕಂಬಗಳ ನಡುವಿನ ಪಾರ್ಕಿಂಗ್ ಎಲ್ಲರಿಗೂ ಸೇರಿದ ಜಾಗವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ಅಲ್ಲಿ ನಿಮ್ಮ ರ್ಯಾಕು ನಿಲ್ಲಿಸುವಂತಿಲ್ಲ. ಹೊರಗಿನವರಿಂದ ಶುಲ್ಕ ಪಡೆದ ದಿನ ಅದು ವ್ಯಾಪಾರವಾಗುತ್ತದೆ, ಪರವಾನಗಿ, ವಿದ್ಯುತ್ ದರ ಎಲ್ಲ ಬದಲಾಗುತ್ತವೆ. ವಾಸದ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಬೆಳಗಿನ ಆರರವರೆಗೂ ನಿಯಮದ ಲೆಕ್ಕದಲ್ಲಿ ರಾತ್ರಿಯೇ. ಐದು ಗಂಟೆಗೆ ಏಳುವ ಅಭ್ಯಾಸದವರು ಆ ಹೊತ್ತಿಗೆ ನಮಸ್ಕಾರ, ದಂಡ, ಬಸ್ಕಿ ಮಾಡಿಕೊಂಡು, ಪ್ಲೇಟು ಸದ್ದಾಗುವ ಕೆಲಸವನ್ನು ಬೆಳಕು ಹರಿದ ಮೇಲೆ ಇಟ್ಟುಕೊಳ್ಳಲಿ. ನೆರೆಮನೆಯವರಿಗೆ ಮೊದಲೇ ಒಂದು ಮಾತು ಹೇಳಿರುವುದೂ ಒಳ್ಳೆಯದು.

ಕೊನೆಯದಾಗಿ ತುಕ್ಕು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಮೇಲೆ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಪ್ಲೇಟುಗಳನ್ನು ನೆಲದ ಮೇಲೆ ಬಿಡದೆ ಗೂಟಕ್ಕೆ ಏರಿಸಿಡಿ. ವ್ಯಾಯಾಮ ಮುಗಿದ ಕೂಡಲೇ ರಾಡಿನ ಬೆವರನ್ನು ಒಣಬಟ್ಟೆಯಲ್ಲಿ ಒರೆಸಿ, ಹಿಡಿಯುವ ಕಡೆಯ ಗೀರುಗಳಲ್ಲಿ ಸಿಕ್ಕಿಕೊಂಡ ಕೊಳೆಯನ್ನು ಗಡಸು ಬ್ರಷ್ಷಿನಿಂದ ತೆಗೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಕೆಲವು ವಾರಕ್ಕೆ ಅಂಟಾಗಿ ಧೂಳು ಹಿಡಿಯುತ್ತದೆ. ಕಡಲ ಉಪ್ಪುಗಾಳಿ ತಾಗುವ ಊರುಗಳಲ್ಲಿ ಇದು ವಾರಕ್ಕೊಮ್ಮೆಯ ಕೆಲಸ. ಚಿತ್ರದುರ್ಗ, ಬಳ್ಳಾರಿಯಂಥ ಒಣ ಸೀಮೆಯಲ್ಲಿ ತಿಂಗಳಿಗೊಮ್ಮೆ ಸಾಕು. ರ್ಯಾಕಿನ, ಬೆಂಚಿನ ನಟ್ಟುಗಳನ್ನು ಸ್ಪ್ಯಾನರ್ ಹಿಡಿದು ಬಿಗಿ ಮಾಡುವುದನ್ನೂ ಅದೇ ದಿನಕ್ಕೆ ಇಟ್ಟುಕೊಳ್ಳಿ.